ಬಾಣಂತಿ ಕೋಣೆಯಲ್ಲಿ ಸಿಕ್ಕ ಸಿನಾಪ್ಸ್

ಹೆರಿಗೆಗೆಂದು ಕಮಲಾಪುರದ ತವರಿಗೆ ಬರುವಾಗ ಎರಡು ವಸ್ತುಗಳನ್ನು ನಾನು ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡು ಬಂದೆ. ಒಂದು ಆಸ್ಪತ್ರೆಯ ಫೈಲು, ಇನ್ನೊಂದು ಸೋಪಿನ ಡಬ್ಬಿಯಂಥ ಹಾರ್ಡ್ ಡಿಸ್ಕ್. ಫೈಲನ್ನು ಅವ್ವ ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟಳು. ಡಿಸ್ಕನ್ನೂ ಅದರ ಪಕ್ಕದಲ್ಲೇ ಇಟ್ಟು, ಬಾಗಿಲು ಹಾಕುವ ಮುಂಚೆ ಕೇಳಿದಳು, "ಇದ್ರಾಗ ಏನೈತಿ?"

"ಇಲಿ ಮಿದುಳಿನ ಫೋಟೋ."

ಡಿಸ್ಕು ಬೀರುವಿನಿಂದ ಹೊರಗೆ ಬಂತು. ರೇಷ್ಮೆ ಸೀರೆಗಳ ಪಕ್ಕ ಇಲಿಯ ತಲೆ ಇಡುವುದು ಹೇಗೆ? ಫೋಟೋ ಆದರೇನು, ಇಲಿ ಇಲಿಯೇ. ಅದು ಅಡುಗೆಮನೆಯ ಅಟ್ಟಕ್ಕೆ, ನಿಜವಾದ ಇಲಿಗಳು ಓಡಾಡುವ ಜಾಗಕ್ಕೆ ಹೋಯಿತು.

ನನ್ನ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಗದ್ದಲ ಅರ್ಥವಾಗುವುದಿಲ್ಲ. ಮಿದುಳಿನ ಎರಡು ನರಕೋಶಗಳು ಇನ್ನೇನು ಮುಟ್ಟಬೇಕು ಎನ್ನುವಷ್ಟು ಹತ್ತಿರ ಬಂದು, ಮುಟ್ಟದೆ, ಕಣ್ಣಿಗೆ ಕಾಣದಂಥ ಸಂದೊಂದನ್ನು ಬಿಟ್ಟು ನಿಲ್ಲುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಈ ಕಡೆಯ ಕೋಶ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟ ರಾಸಾಯನಿಕವನ್ನು ಸಂದಿಗೆ ಸುರಿಯುತ್ತದೆ, ಆ ಕಡೆಯ ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಕೆಲವು ಸಿನಾಪ್ಸ್‌ಗಳು ಕೂಗಿ ಹೇಳುತ್ತವೆ, ಕೆಲವು ಪಿಸುಗುಡುತ್ತವೆ. ಆಕಾರ ದೊಡ್ಡದಿದ್ದರೆ ದನಿಯೂ ದೊಡ್ಡದಾಗಿರುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಕೇಳುವುದು ಸುಲಭ. ಆದರೆ ದನಿ ಅಳೆಯಲು ಕೋಶ ಜೀವಂತವಾಗಿರಬೇಕು. ಆಕಾರ ನೋಡಬೇಕಾದರೆ ಅದು ಸತ್ತು, ಅಂಟಿನಲ್ಲಿ ಗಟ್ಟಿಯಾಗಿ, ಬಾಳೆದಿಂಡು ಹೆಚ್ಚಿದ ಹಾಗೆ ತೆಳುತೆಳುವಾಗಿ ಕತ್ತರಿಸಿಕೊಂಡು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಬರಬೇಕು. ಮೊದಲು ದನಿ ಕೇಳಿದ ಅದೇ ಸಿನಾಪ್ಸನ್ನು ಆಮೇಲೆ ಆ ಫೋಟೋಗಳ ರಾಶಿಯಲ್ಲಿ ಹುಡುಕಿ ಹಿಡಿಯಬೇಕು. ನಮ್ಮ ಪ್ರಯೋಗಾಲಯದ ಮಂದಿ ಅನ್ನ ತಿನ್ನುವುದೇ ಈ ಹುಡುಕಾಟದ ಮೇಲೆ.

ಹುಡುಕಿದ್ದರಲ್ಲಿ ಹೆಚ್ಚಿನವು ಸಿಕ್ಕಿದ್ದವು. ಸಿಗದೆ ಸತಾಯಿಸುತ್ತಿದ್ದದ್ದು ಒಂದೇ, ಎಲ್ಲಕ್ಕಿಂತ ಜೋರಾಗಿ ಕೂಗಿದ್ದು. ಸಿಕ್ಕವೆಲ್ಲ ಪಿಸುಮಾತಿನವು, ಅಬ್ಬಬ್ಬಾ ಎಂದರೆ ಸಾಧಾರಣ ಮಾತಿನವು. ಅವನ್ನೆಲ್ಲ ದನಿ ಅಡ್ಡಕ್ಕೆ, ಆಕಾರ ಮೇಲಕ್ಕೆ ಎಂದು ನಕ್ಷೆಯ ಮೇಲೆ ಚುಕ್ಕೆ ಮಾಡಿ ಇಟ್ಟರೆ ಒಂದೇ ಮೂಲೆಯಲ್ಲಿ ಗುಂಪುಗೂಡಿ ಕೂರುತ್ತಿದ್ದವು. ಆ ಮೂಲೆಯಿಂದ ಒಂದು ಗೆರೆ ಎದ್ದು ಮೇಲೆ ಹೋಗುತ್ತದೋ ಇಲ್ಲವೋ ಎಂದು ಹೇಳಬೇಕಾದರೆ ದೂರದಲ್ಲಿ ಒಂದು ಚುಕ್ಕೆ ಬೇಕೇ ಬೇಕು. ನನ್ನ ಪಿಎಚ್‌ಡಿ ಗೈಡ್ ಮೈಸೂರು ಕಡೆಯ ಹೆಂಗಸು, ಮೆತ್ತಗೆ ಮಾತಾಡಿ ಗಟ್ಟಿ ಪೆಟ್ಟು ಕೊಡುವವರು. ನಾನು ಹೊರಡುವ ದಿನ, "ನೀವು ಆರೋಗ್ಯ ನೋಡಿಕೊಳ್ಳಿ. ಈ ಬೇಸಿಗೆ ಮುಗಿಯುವಷ್ಟರಲ್ಲಿ ಅದು ಸಿಗದಿದ್ದರೆ ಆ ಅಧ್ಯಾಯ ಬಿಟ್ಟುಬಿಡೋಣ, ಏನು?" ಅಂದಿದ್ದರು. ನಾನು ವರ್ಷಗಟ್ಟಲೆ ಕೂತು ಮಾಡಿದ ಕೆಲಸವೆಲ್ಲ ಆ ಅಧ್ಯಾಯದಲ್ಲೇ ಇತ್ತು. ಬಿಟ್ಟರೆ ಉಳಿಯುವುದು ಮುನ್ನುಡಿ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಮನೆಗೆ ಬಂದ ದಿನವೇ ಮೆಟ್ರಿಯಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬಾಣಂತನದ ಉಸ್ತುವಾರಿಗೆ ಬಂದಿಳಿದಳು. ಅವಳು ಹಿಂದೆ ಎಷ್ಟು ಬಾಣಂತನ ಮಾಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ನನ್ನ ಕಿವಿಗೆ ಅರಳೆ ತುರುಕಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಬುಟ್ಟಿ ಇಟ್ಟು ಲೋಬಾನದ ಹೊಗೆ ಹಾಕಿದಳು. ನಾನು ಕೆಮ್ಮುತ್ತ ಲ್ಯಾಪ್‌ಟಾಪ್ ಕೇಳಿದೆ.

"ಏನಂದಿ?"

"ಲ್ಯಾಪ್‌ಟಾಪ್, ದೊಡ್ಡವ್ವಾ. ಸ್ವಲ್ಪ ಹೊತ್ತು."

"ಹಸಿ ಬಾಣಂತಿ ಕಣ್ಣು ಅಂದ್ರ ಏನಂತ ತಿಳ್ದಿ? ಈಗ ಬೆಳಕು ನೋಡಿದ್ರ ಮುಂದ ಸೂಜಿ ಪೋಣಿಸಾಕ ಬರಂಗಿಲ್ಲ. ಸುಮ್ನ ಕಣ್ಣು ಮುಚ್ಚು!" ಎಂದು ಹೇಳಿ, ಮುಚ್ಚುತ್ತೇನೆಂಬ ನಂಬಿಕೆ ಇಲ್ಲದೆ, ಮೆತ್ತನೆಯ ಹಳೆ ಸೀರೆಯ ತುಂಡೊಂದನ್ನು ನನ್ನ ಕಣ್ಣ ಮೇಲೂ ಹಾಕಿದಳು.

ನಾನು ಸುಮ್ಮನಿರುವ ಪೈಕಿ ಅಲ್ಲ. ಕಣ್ಣಿನ ವಿಜ್ಞಾನ ಹೇಳಿದೆ, ಗದರಿದೆ, ಅತ್ತೆ. ಅಂಟಿನುಂಡೆ ತಿನ್ನುವುದಿಲ್ಲ ಎಂದು ಸತ್ಯಾಗ್ರಹ ಹೂಡಿ, ಹೊಟ್ಟೆ ಹಸಿದು ಎರಡು ಉಂಡೆ ಹೆಚ್ಚಾಗಿಯೇ ತಿಂದೆ. ಸಂಡೂರಿನ ಗಣಿ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಭಾನುವಾರ ಬಂದಾಗ ನನ್ನ ಪರ ವಾದಿಸಲೆಂದು ಕರೆದೆ. ಅವರು ಅಂಗಿಯ ಕೆಂಧೂಳು ಕೊಡವಿಕೊಂಡು ಬಾಗಿಲ ಹತ್ತಿರ ನಿಂತು, ದೊಡ್ಡವ್ವನ ಮುಖ ನೋಡಿ, "ಹಿರೇರು ಹೇಳಿದ್ದು ಖರೆ ಐತಿ ಬಿಡು," ಎಂದು ಅಲಸಂದಿ ವಡೆ ತಿನ್ನಲು ಪಡಸಾಲೆಗೆ ಹೋದರು.

ದಾರಿ ತೋರಿಸಿದವಳು ಅವ್ವ. ನನ್ನ ಗೋಳು ಕೇಳಿ ಕೇಳಿ ಸಾಕಾಗಿ, ಒಂದು ಮಧ್ಯಾಹ್ನ ಕೂಸು ಮಲಗಿದ ಮೇಲೆ, "ನೋಡಬಾರದು ಅಂದಾರ, ಮಾತಾಡಬಾರದು ಅಂದಿಲ್ಲಲ್ಲ. ನಾ ನೋಡ್ತೀನಿ, ನೀ ಹೇಳು," ಅಂದಳು. ಅವ್ವ ಫೋನಿನಲ್ಲಿ ಬಣ್ಣದ ಗುಳಿಗೆ ಒಡೆಯುವ ಆಟದಲ್ಲಿ ಓಣಿಗೆಲ್ಲ ಮುಂದು. ಇಲಿಯ ವಿಷಯದಲ್ಲೂ ಅಷ್ಟರಲ್ಲಿ ರಾಜಿಯಾಗಿದ್ದಳು. ಡಿಸ್ಕು ಅಟ್ಟದಿಂದ ಇಳಿಯಿತು, ಅರಿಶಿನದ ನೀರು ಚಿಮುಕಿಸಲು ಹೋದವಳನ್ನು ಕೈಮುಗಿದು ತಡೆದೆ.

ಮೊದಲ ತಕರಾರು ಎಡಬಲದ್ದು. ನಾನು ಎಡಕ್ಕೆ ಹೋಗು ಎಂದರೆ ಅವಳು, "ನನ್ನ ಎಡನೋ, ನಿನ್ನ ಎಡನೋ? ನೀ ಮಕ್ಕೊಂಡಿ, ನಾ ಕುಂತೀನಿ," ಎಂದು ಜಗಳಕ್ಕೆ ಬರುತ್ತಿದ್ದಳು. ಅವ್ವನಿಗೆ ಎಡಬಲ ಮೊದಲಿನಿಂದಲೂ ಆಗಿಬಂದಿಲ್ಲ. ನಮ್ಮ ಮನೆ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಗಿದೆ. ಅವಳ ತವರು ಕಂಪ್ಲಿ ಕಡೆ. ಹೀಗಾಗಿ ಈ ಮನೆಗೆ ಬಂದಾಗಿನಿಂದ ಅವಳ ಲೋಕಕ್ಕೆ ಎರಡೇ ದಿಕ್ಕು. ತುಪ್ಪದ ಡಬ್ಬಿ ಕಂಪ್ಲಿ ಕಡೆ ಇರುತ್ತದೆ, ಉಪ್ಪಿನಕಾಯಿ ಜಾಡಿ ಹೊಸಪೇಟೆ ಕಡೆ. ಊಟಕ್ಕೆ ಕೂತ ಅಪ್ಪನಿಗೆ, "ಸ್ವಲ್ಪ ಕಂಪ್ಲಿ ಕಡಿ ಸರಕೊಳ್ರಿ," ಅನ್ನುತ್ತಾಳೆ. ಅಪ್ಪ ಎಲೆ ಸಮೇತ ಸರಿಯುತ್ತಾರೆ. ಈ ಭಾಷೆಯಲ್ಲೇ ಬೆಳೆದವಳು ನಾನು, ಸರಿ, ಹಾಗೇ ಆಗಲಿ ಎಂದೆ. ಲ್ಯಾಪ್‌ಟಾಪಿನ ಮೇಜು ಬೀರುವಿನ ಗೋಡೆಗೆ ಒರಗಿತ್ತು. ಅದರ ಮುಂದೆ ಕೂತವರಿಗೆ ಕಂಪ್ಲಿ ಎಡಕ್ಕೆ, ಹೊಸಪೇಟೆ ಬಲಕ್ಕೆ. ಮನಸ್ಸಿನಲ್ಲಿ ಅಷ್ಟು ಗಟ್ಟಿ ಮಾಡಿಕೊಂಡೆ.

ನಮ್ಮ ಗುರುತಿಗೆ ಇದ್ದದ್ದು ಒಂದು ರಕ್ತನಾಳದ ಕವಲು. ಅಂಟಿನಲ್ಲಿ ಹೂಳುವ ಮುಂಚೆ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ನನಗೆ ಬಾಯಿಪಾಠವಾಗಿತ್ತು. ನಾಳ ಎರಡಾಗಿ ಒಡೆಯುತ್ತದೆ, ಎಡಗೈ ದಪ್ಪ, ಬಲಗೈ ಸಣ್ಣ. ಆ ಸಣ್ಣ ಕೈ ದಾಟಿ ಬಲಕ್ಕೆ ಹೋದರೆ ನಮ್ಮ ಎರಡು ಕೋಶಗಳ ಎಳೆಗಳು ಸಂಧಿಸುತ್ತವೆ. ದನಿ ಕೇಳುವಾಗಲೇ ಆ ಕೋಶಗಳಿಗೆ ಬಣ್ಣ ತುಂಬಿದ್ದರಿಂದ ಅವುಗಳ ಎಳೆ ಕಪ್ಪಗೆ ಕಾಣಬೇಕು. ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಬಲಕ್ಕೇ ಹುಡುಕಿದ್ದೆ. ಎಲೆಕ್ಟ್ರಾನ್ ಫೋಟೋಗಳಲ್ಲಿ ಬಲಗೈಯೇ ದಪ್ಪ ಕಾಣುತ್ತಿತ್ತು. ರಾಸಾಯನಿಕದಲ್ಲಿ ನೆನೆದು ಉಬ್ಬಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ, ಎಲ್ಲರೂ ಹೌದೆಂದು ತಲೆಯಾಡಿಸಿದ್ದರು.

ಅವ್ವನ ವರದಿಗಳು ಪ್ರಯೋಗಾಲಯದ ವರದಿಗಳಿಗಿಂತ ರುಚಿಯಾಗಿರುತ್ತಿದ್ದವು. "ಇಲ್ಲಿ ಒಂದ್ರಾಗ ಸಾಬೂದಾನಿ ತುಂಬೈತಿ ನೋಡು, ಪಕ್ಕದಾಗ ಕಾಡಿಗಿ ಗೆರಿ ಎಳದಂಗ ಐತಿ."

"ಅದೇ ಅವ್ವಾ ಸಿನಾಪ್ಸ್! ಸಾಬೂದಾನಿ ಇರೋದು ಹೇಳಾಕಿ, ಕಾಡಿಗಿ ಗೆರಿ ಇರೋದು ಕೇಳಾಕಿ."

"ಹಂಗಾರ ಸಿಕ್ತಲ್ಲ."

"ಇಲ್ಲ, ಅದು ಬ್ಯಾರೆ ಯಾರದೋ. ನಮ್ಮ ಎಳಿ ಕರ್ರಗ ಇರ್ತದ."

ಹೀಗೆ ಬೇರೆ ಯಾರದೋ ಮಾತುಕತೆಗಳನ್ನು ಒಂದೊಂದಾಗಿ ದಾಟಿಕೊಂಡು, ಪಟ್ಟಿ ಪಟ್ಟಿಯಾಗಿ ಹೊಸಪೇಟೆ ಕಡೆಗೆ ನಡೆದೆವು. ಏನೂ ಸಿಗಲಿಲ್ಲ. ಅವ್ವನಿಗೆ ಮಾತ್ರ ಬೇಸರ ಬರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದು ಕೂರುವಳು, ಹಾಲು ಉಕ್ಕುವುದು, ದೊಡ್ಡವ್ವ ಅಡುಗೆಮನೆಯಿಂದ ಬೈಯುವಳು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಮದುವೆಯಾದ ಮೇಲೆ ಅವ್ವನ ಜೊತೆ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಇದ್ದದ್ದೇ ಇಲ್ಲ.

ಒಂದು ದಿನ ನನಗೆ ಎಣ್ಣೆ ತಿಕ್ಕಿ ಎರೆಯಲು ದೊಡ್ಡವ್ವ ಬಚ್ಚಲಿಗೆ ಕರೆದುಕೊಂಡು ಹೋಗಿದ್ದಳು. ಸುಡು ಸುಡು ನೀರಿನಲ್ಲಿ ಬೆಂದು ಬಂದು ಹೊರಸಿನ ಮೇಲೆ ಬಿದ್ದೆ. ಕಿವಿಗೆ ಅರಳೆ, ತಲೆಗೆ ಬಟ್ಟೆ, ಕಣ್ಣ ಮೇಲೆ ಸೀರೆ, ಎಲ್ಲ ತಂತಮ್ಮ ಜಾಗಕ್ಕೆ ಬಂದವು. ಅವ್ವನ ದನಿ ನೀರೊಳಗಿಂದ ಬಂದ ಹಾಗೆ ಕೇಳಿಸಿತು. ಎಂದಿನಂತೆ, ಕವಲು ಹುಡುಕು ಎಂದೆ.

"ಸಿಕ್ತು. ಹೊಸಪೇಟಿ ಕಡಿ ಸಣ್ಣ ಕೈ, ಕಂಪ್ಲಿ ಕಡಿ ದಪ್ಪ ಕೈ."

ನನ್ನ ತಲೆಯಲ್ಲಿದ್ದ ಚಿತ್ರ ಇದೇ. ಬಲಕ್ಕೆ ಸಣ್ಣದು, ಎಡಕ್ಕೆ ದಪ್ಪ. ಇಷ್ಟು ದಿನ ತಿರುಗಾಮುರುಗಾ ಇದ್ದದ್ದು ಇವತ್ತು ಸರಿ ಹೇಗಾಯಿತು? ಅವ್ವ ಬೇರೆ ಯಾವುದೋ ಕವಲಿಗೆ ಹೋಗಿರಬೇಕು ಎಂದುಕೊಂಡೆ. ಹೋದರೆ ಹೋಗಲಿ ಎಂದು ಅನಿಸಿತು.

"ಸಣ್ಣ ಕೈ ದಾಟಿ ಹೊಸಪೇಟಿ ಕಡಿ ಹೋಗು. ನಿಧಾನ."

ಮೌಸಿನ ಗಾಲಿ ಕಿರಿಕಿರಿ ಎನ್ನುತ್ತ ತಿರುಗಿತು. ಆಮೇಲೆ ಅವ್ವ, "ಯವ್ವಾ," ಅಂದಳು, ಬಾವಿಯಲ್ಲಿ ಬಿದ್ದ ಕೊಡ ಪಾತಾಳಗರಡಿಗೆ ಸಿಕ್ಕಾಗ ಹೇಳುವ ದನಿಯಲ್ಲಿ. "ಕರ್ರಗಿನ ಎಳಿ ಐತಲೇ. ಒಂದಲ್ಲ, ಎರಡು. ಎರಡೂ ಎದ್ರಾಬದ್ರಾ ಬರಾಕತ್ಯಾವು."

ನಾನು ಎದ್ದು ಕೂತು ಕಣ್ಣ ಮೇಲಿನ ಬಟ್ಟೆ ಕಿತ್ತೆಸೆದೆ. ಬೀರುವಿನ ಕಡೆ ತಿರುಗಿದೆ. ಅಲ್ಲಿ ಮೇಜೇ ಇರಲಿಲ್ಲ! ಮೇಜು, ಲ್ಯಾಪ್‌ಟಾಪ್, ಅವ್ವ, ಮೂವರೂ ನನ್ನ ಬೆನ್ನ ಹಿಂದೆ ಎದುರು ಗೋಡೆಗೆ ಹೋಗಿ ಕೂತಿದ್ದರು. ನಾನು ಬಚ್ಚಲಲ್ಲಿದ್ದಾಗ ಲೋಬಾನದ ಹೊಗೆ ಯಂತ್ರಕ್ಕೆ ತಾಗುತ್ತದೆ ಎಂದು ಅವ್ವ ಮೇಜನ್ನು ಆಚೆ ಕಡೆಗೆ ಎಳೆದಿದ್ದಳು. ಮುಖ ತಿರುವಿ ಕೂತ ಮೇಲೆ ಹೊಸಪೇಟೆ ಅವಳ ಎಡಕ್ಕೆ ಬಂದಿತ್ತು. ನಾನು ಬಲಕ್ಕೆ ಕಳಿಸಿದ್ದೇನೆ ಎಂದುಕೊಂಡಿದ್ದೆ, ಅವಳು ಎಡಕ್ಕೆ ಹೋಗಿದ್ದಳು. ನಾವು ಯಾರೂ ಯಾವತ್ತೂ ಕಾಲಿಡದ ಕಡೆಗೆ.

ಕಪ್ಪು ಎಳೆಗಳು ಅಲ್ಲಿಯೇ ಇದ್ದವು. ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಿದುಳಿನ ಆ ಒಂದು ಚೂರನ್ನು ಅಂಟಿನಲ್ಲಿ ಹೂಳುವಾಗ ನಮ್ಮಲ್ಲಿ ಯಾರೋ ದೋಸೆ ಮಗುಚಿದ ಹಾಗೆ ಮಗುಚಿ ಇಟ್ಟುಬಿಟ್ಟಿದ್ದರು. ಬಲಗೈ ಉಬ್ಬಿರಲಿಲ್ಲ, ಅದು ಎಡಗೈಯೇ ಆಗಿತ್ತು. ಒಂದು ಗುಂಡಿ ಒತ್ತಿ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದೆ. ಹಳೆಯ ಚಿತ್ರದ ಮೇಲೆ ಅದು ಸರಿಯಾಗಿ ಕೂತಿತು. ನಾನು ಅವ್ವನನ್ನು ತಬ್ಬಿಕೊಂಡು ಕುಣಿಯಲು ಹೋದೆ. ಕೂಸು ಎದ್ದು ಕಿರುಚಿತು, ದೊಡ್ಡವ್ವ ಸೌಟು ಹಿಡಿದುಕೊಂಡು ಓಡಿ ಬಂದಳು.

"ಕಣ್ಣ ಮ್ಯಾಲಿನ ಬಟ್ಟಿ ಎಲ್ಲಿ?"

"ಸಿಕ್ತು ದೊಡ್ಡವ್ವಾ!"

"ಬಟ್ಟಿ ಎಲ್ಲಿ ಅಂತ ಕೇಳಿದ್ನಿ."

ಅವತ್ತೇ ಸಂಜೆ ಗೈಡ್‌ಗೆ ವಿಡಿಯೋ ಕರೆ ಮಾಡಿ ಎಲ್ಲ ಹೇಳಿದೆ, ಕಂಪ್ಲಿ ಹೊಸಪೇಟೆಗಳನ್ನೂ ಬಿಡದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಮೆತ್ತಗೆ ಪೆಟ್ಟು ಕೊಟ್ಟರು. "ಇದರ ಅಳತೆ ನೀವು ತೆಗೆಯಬೇಡಿ. ಇದು ಜೋರು ದನಿಯದ್ದು ಅಂತ ನಿಮಗೆ ಗೊತ್ತು, ನನಗೂ ಗೊತ್ತು. ದೊಡ್ಡದಾಗಿ ಕಾಣಲಿ ಅಂತ ಆಸೆ ಇರುವವರ ಕೈ ತಾನಾಗಿಯೇ ವಾಲುತ್ತದೆ. ಯಾವುದು ಕೂಗುತ್ತದೆ, ಯಾವುದು ಪಿಸುಗುಡುತ್ತದೆ ಅಂತ ಗೊತ್ತಿಲ್ಲದವರು ಅಳೆಯಬೇಕು." ಕೊನೆಗೆ, "ನಿಮ್ಮ ತಾಯಿಗೆ ಗೊತ್ತಾ?" ಅಂದರು.

ಅವ್ವನಿಗೆ ಗೊತ್ತಿರಲಿಲ್ಲ. ಕಪ್ಪು ಎಳೆ ಹುಡುಕಬೇಕು ಎಂದಷ್ಟೇ ಹೇಳಿದ್ದೆ, ಅದು ಯಾಕೆ ಮುಖ್ಯ ಎಂದು ಹೇಳಿರಲಿಲ್ಲ.

ಹಾಗೆ ಅವ್ವ ನಮ್ಮ ಸಂಶೋಧನೆಗೆ ಸೇರಿಕೊಂಡಳು. ಗೈಡ್ ಎಲ್ಲ ಸಿನಾಪ್ಸ್‌ಗಳನ್ನೂ, ಹೊಸದರ ಜೊತೆ ಹಳೆಯವನ್ನೂ, ಗುರುತು ಅಳಿಸಿ ಕಲಸಿ ಕಳಿಸಿದರು. ಒಂದೊಂದು ಫೋಟೋದಲ್ಲೂ ಕಾಡಿಗೆ ಗೆರೆಯ ಸುತ್ತ ಅವ್ವ ಮೌಸಿನಿಂದ ಗೆರೆ ಎಳೆಯಬೇಕು, ಯಂತ್ರ ಎಲ್ಲ ಕೂಡಿಸಿ ಅಗಲ ಹೇಳುತ್ತದೆ. ನಾನು ಅವಳ ಹಿಂದೆ ನಿಲ್ಲುವಂತಿಲ್ಲ, ಮುಖ ಹಿಂಡುವಂತಿಲ್ಲ, ಕೆಮ್ಮುವಂತೆಯೂ ಇಲ್ಲ. ಕೊನೆಗೆ ನನ್ನನ್ನು ಕೋಣೆಯಿಂದಲೇ ಹೊರಗೆ ಹಾಕಿದರು. ಹಸಿ ಬಾಣಂತಿಯನ್ನು ಗಾಳಿಗೆ ಕೂರಿಸಬೇಕಾಗಿ ಬಂದದ್ದಕ್ಕೆ ದೊಡ್ಡವ್ವ ಇನ್ನೊಂದು ಕಂಬಳಿ ಹೊದಿಸಿ, ನನ್ನ ಗೈಡನ್ನು ಮೆಟ್ರಿಯ ಭಾಷೆಯಲ್ಲಿ ನೆನೆಸಿಕೊಂಡಳು.

ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಪಟ್ಟ ಪಾಡು ಹೆರಿಗೆಯಲ್ಲೂ ಪಟ್ಟಿರಲಿಲ್ಲ. ಅವ್ವ ಜಿಪುಣಿ. ರೊಟ್ಟಿಗೆ ಬೆಣ್ಣೆ ಹಚ್ಚುವಾಗ ಧಾರಾಳ, ಆದರೆ ಬಟ್ಟೆ ಕತ್ತರಿಸುವಾಗ, ಗೆರೆ ಎಳೆಯುವಾಗ, ಅಳತೆಯ ಯಾವ ಕೆಲಸದಲ್ಲೂ ಒಂದು ನೂಲು ಆಚೆ ಹೋಗುವವಳಲ್ಲ. ಒಳಗಿಂದ ಅವಳು ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. "ಕರ್ರಗ ಇದ್ದಷ್ಟ ನಂದು. ಆಚಿ ಮಬ್ಬು ನಂದಲ್ಲ." ಆ ಮಬ್ಬೂ ನಮ್ಮದೇ ಅವ್ವಾ, ತಗೋ, ಸ್ವಲ್ಪ ತಗೋ ಎಂದು ನನ್ನ ಹೊಟ್ಟೆ ಕೂಗುತ್ತಿತ್ತು. ಕೋಪ ಬರುತ್ತಿತ್ತು, ಅವಳ ಮೇಲೆ, ಗೈಡ್ ಮೇಲೆ, ವಿಜ್ಞಾನದ ಮೇಲೆ. ಒಮ್ಮೆ ಅವಳೇ ಬಾಗಿಲಿಗೆ ಬಂದು, "ಲೇ, ಇದೊಂದು ಎಷ್ಟು ನೋಡಿದ್ರೂ ಮುಗಿಯವಲ್ದು. ಫೋಟೋ ಮ್ಯಾಲ ಫೋಟೋ ಬರ್ತಾನ ಐತಿ. ತಪ್ಪಾತೇನ?" ಎಂದು ಕೇಳಿದಳು. ಹೌದು ಎನ್ನುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಕೂಸಿನ ಮುಖ ನೋಡುತ್ತ ಕೂತೆ. ಅಷ್ಟು ಫೋಟೋಗಳಿಗೆ ಹಬ್ಬಿದ್ದು ದೊಡ್ಡದೇ ಇರಬೇಕು, ಮುಖ ಎತ್ತಿದ್ದರೆ ನಗು ಸಿಕ್ಕಿಬೀಳುತ್ತಿತ್ತು.

ಅವ್ವ ಎಲ್ಲ ಮುಗಿಸಿ ಕಳಿಸಿದ ಮೇಲೆ ಗೈಡ್ ಕರೆ ಮಾಡಿದರು. ಮಧ್ಯಾಹ್ನ, ಊಟದ ಹೊತ್ತು. ಲ್ಯಾಪ್‌ಟಾಪಿನ ಮುಂದೆ ನಾನು, ಅವ್ವ, ಕೂಸು. ದೊಡ್ಡವ್ವನೂ ಬಂದು ನಿಂತಳು, ನನ್ನ ಕಣ್ಣಿನ ಕಾವಲಿಗೆ ಎಂದು ಹೇಳಿಕೊಂಡು. ಪರದೆಯ ಮೇಲೆ ನಕ್ಷೆ ಬಂತು. ಮೂಲೆಯಲ್ಲಿ ಹಳೆಯ ಚುಕ್ಕೆಗಳ ಗುಂಪು. ಅಲ್ಲಿಂದ ದೂರ, ಮೇಲೆ, ಒಂಟಿಯಾಗಿ ಒಂದು ಚುಕ್ಕೆ. ಗುಂಪಿನಿಂದ ಹೊರಟ ಗೆರೆ ಸೀದಾ ಅದರ ಹತ್ತಿರಕ್ಕೆ ಹೋಗಿತ್ತು. ಜೋರಾಗಿ ಕೂಗಿದ್ದು ನಿಜವಾಗಿಯೂ ದೊಡ್ಡದಾಗಿತ್ತು. ನನ್ನ ಅಧ್ಯಾಯ ಉಳಿಯಿತು. ನನಗೆ ಅಳು ಬಂತು, ಮರೆಮಾಚಲಿಲ್ಲ.

ಈಗ ಹೇಳಬಹುದಿತ್ತಲ್ಲ, ಗೈಡ್ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದರು. ಯಾವ ಸಿನಾಪ್ಸ್ ಯಾವುದು, ಅದಕ್ಕಾಗಿ ನಾನು ಎಷ್ಟು ದಿನ ಹುಡುಕಿದ್ದೆ, ಈ ಚುಕ್ಕೆ ಇಲ್ಲದಿದ್ದರೆ ಏನಾಗುತ್ತಿತ್ತು. ಅವ್ವ ನನ್ನ ಕಡೆ ಒಮ್ಮೆ ನೋಡಿದಳು, ಇದನ್ನೆಲ್ಲ ನನಗೆ ಹೇಳಲೇ ಇಲ್ಲವಲ್ಲ ಎನ್ನುವ ಹಾಗೆ. "ನಿಮ್ಮ ಚುಕ್ಕೆ ಗೆರೆಯ ಮೇಲೆ ಕೂತಿಲ್ಲ ಅಮ್ಮಾ, ಒಂದು ಚೂರು ಕೆಳಗಿದೆ. ಅದಕ್ಕೇ ನನಗೆ ಇನ್ನೂ ಹೆಚ್ಚು ನಂಬಿಕೆ," ಎಂದು ಗೈಡ್ ನಕ್ಕರು.

ಅವ್ವ ನಗಲಿಲ್ಲ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಗೆರೆಗೂ ಚುಕ್ಕೆಗೂ ನಡುವಿನ ಜಾಗವನ್ನು ನೋಡಿದಳು. ಅವಳ ಮುಖ ಬಾಡಿಹೋಯಿತು.

"ಕೆಳಗ ಬಿತ್ತೇನ್ರಿ ಮೇಡಂ? ಮೊದ್ಲ ಹೇಳಬಾರದಿತ್ತಾ? ಅಂಚಿನಾಗ ಮಬ್ಬು ಐತಲ್ರಿ, ಅದನ್ನ ನಾ ಪೂರ್ತಿ ಬಿಟ್ಟೀನಿ. ತಡೀರಿ, ಇನ್ನೊಮ್ಮೆ ಎಳದು ಕೊಡ್ತೀನಿ. ಈ ಸಲ ಸ್ವಲ್ಪ ದೊಡ್ಡದು ಮಾಡ್ತೀನಿ."

"ಬೇಡ!" ಎಂದು ಗೈಡ್ ಅಲ್ಲಿಂದ, "ಬ್ಯಾಡ!" ಎಂದು ನಾನು ಇಲ್ಲಿಂದ, ಇಬ್ಬರೂ ಒಟ್ಟಿಗೇ ಕೂಗಿದೆವು. ಕೂಸು ಬೆಚ್ಚಿಬಿತ್ತು.

ಅವ್ವ ಮೌಸಿನ ಮೇಲಿನ ಕೈ ತೆಗೆಯಲೇ ಇಲ್ಲ. ನನ್ನನ್ನೇ ನೋಡುತ್ತ, "ನಿನ್ನ ಸಲುವಾಗಿ ಅಂದ್ನಿ," ಅಂದಳು.

"ಗೊತ್ತು," ಅಂದೆ. ಅವಳ ಕೈಯನ್ನು ನಾನೇ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ.